ಸಹಾಯ ಬೇಕು: ಮೊಲಗಳ ಹಾವಳಿಗೆ .22 ರೈಫಲ್ಲೋ, .17 ರೈಫಲ್ಲೋ?

ಎಳೆಯ ಪೈರನ್ನು ಮೊಲಗಳು ಮೇಯುತ್ತಿದ್ದು, ತಂತಿಬಲೆಯ ಬೇಲಿ ಮತ್ತು ಬೋನುಗಳೆರಡೂ ವಿಫಲವಾದ ಮೇಲೆ, ಪರವಾನಗಿ ಪಡೆದು ಸಣ್ಣ ಕ್ಯಾಲಿಬರ್‌ನ (ನಳಿಕೆಯ ಒಳವ್ಯಾಸ, ಇಂಚಿನ ಲೆಕ್ಕದಲ್ಲಿ) ರೈಫಲ್ ಕೊಳ್ಳಲು ನಿರ್ಧರಿಸಿದ್ದೇನೆ.

.22 ಎಲ್‌ಆರ್‌ (ಲಾಂಗ್ ರೈಫಲ್) ಎಂಬ ತೋಟಾದಲ್ಲಿ ಶಬ್ದವೇಗಕ್ಕಿಂತ ನಿಧಾನವಾಗಿ ಸಾಗುವ ಗುಂಡನ್ನು ಬಳಸಿದರೆ ಸದ್ದು ಕಡಿಮೆಯಾಗಿ ಉಳಿದ ಮೊಲಗಳು ಅಷ್ಟಾಗಿ ಬೆದರುವುದಿಲ್ಲವಾದರೂ, ದೂರ ಹೆಚ್ಚಿದಂತೆ ಆ ಗುಂಡು ಬಹಳ ಕೆಳಗಿಳಿಯುತ್ತದೆ. ಕಲ್ಲಿಗೋ ಗಟ್ಟಿನೆಲಕ್ಕೋ ತಾಗಿ ಪುಟಿದು ಎತ್ತಲೋ ಹಾರುವ ಅಪಾಯವಂತೂ ನನ್ನನ್ನು ನಿಜಕ್ಕೂ ಕಾಡುತ್ತಿದೆ. 2002ರಲ್ಲಿ ಬಂದ .17 ಎಚ್‌ಎಂಆರ್‌ (ಹಾರ್ನಡಿ ಮ್ಯಾಗ್ನಮ್ ರಿಮ್‌ಫೈರ್) ತೋಟಾದ ಹಗುರ ಗುಂಡು 100 ಮೀಟರ್‌ವರೆಗೂ ಹೆಚ್ಚುಕಡಿಮೆ ನೇರವಾಗಿ ಸಾಗಿ, ತಾಗಿದೊಡನೆ ಛಿದ್ರವಾಗುವುದರಿಂದ ಪುಟಿಯುವುದು ಕಡಿಮೆ. ಆದರೆ ಅದರ ಸದ್ದು ಜೋರು, ಗಾಳಿ ಬೀಸಿದರೆ ಪಕ್ಕಕ್ಕೂ ಸರಿಯುತ್ತದೆ. ಗುರಿ ತಪ್ಪಿ ಯಾವ ಮೊಲವೂ ಗಾಯಗೊಂಡು ನರಳಬಾರದು.

ಕಲ್ಲುನೆಲದ, ಗಾಳಿ ಬೀಸುವ ಹೊಲದಲ್ಲಿ 60ರಿಂದ 100 ಮೀಟರ್ ದೂರಕ್ಕೆ ಇವೆರಡರಲ್ಲಿ ಯಾವುದನ್ನು ಆರಿಸಬೇಕು, ಮತ್ತು ಏಕೆ?