ಹಳೇ ಮೈಸೂರು ಸಿಲ್ಕ್ ಕೊಳ್ಳಬಹುದಾ? ವೀಗನ್ ಆದವರು ನಿಮ್ಮ ಅನುಭವ ಹೇಳಿ

ಬಸವನಗುಡಿಯಿಂದ, ಕೇಳಿದವಳು:
ನಾನು ವೀಗನ್ ಆಗಿ, ಅಂದರೆ ಹಾಲು, ರೇಷ್ಮೆ, ಚರ್ಮ ಹೀಗೆ ಪ್ರಾಣಿಗಳಿಂದ ಬರುವುದನ್ನೆಲ್ಲ ಬಿಟ್ಟು, ಮೂರು ವರ್ಷವಾಯಿತು. ಮೊಸರನ್ನ ಬಿಟ್ಟಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡಿದ್ದೂ ಆಯಿತು. ಮುಂದಿನ ತಿಂಗಳು ತಂಗಿಯ ಮದುವೆ. ಪರಿಚಯದವರೊಬ್ಬರು ಎರಡೇ ಸಲ ಉಟ್ಟ ಮೈಸೂರು ಸಿಲ್ಕ್ ಸೀರೆಯನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಹುಳು ಯಾವತ್ತೋ ಸತ್ತಿದೆ, ನಾನು ಕೊಂಡರೆ ಹೊಸದಾಗಿ ಏನೂ ಸಾಯಲ್ಲ ಅಲ್ವಾ? ಆದರೂ ಸಮಾಧಾನವಿಲ್ಲ. ಕೊಂಡವರು, ಬಿಟ್ಟವರು ಇಬ್ಬರೂ ಹೇಳಿ.

ಮಲ್ಲೇಶ್ವರದಿಂದ:
ನಾನು ಕೊಂಡೆ. ಅರಿಶಿನ ಬಣ್ಣ, ತೆಳು ಜರಿ ಅಂಚು, ಪಕ್ಕದ ಬೀದಿಯ ಆಂಟಿಯದು. ನಿಮ್ಮ ಹಾಗೇ ಲೆಕ್ಕ ಹಾಕಿದ್ದೆ. ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದರೆ ಮಂಚದ ಮೇಲೆ ಹೊಸ ಸೀರೆ. ಬೆಲೆಚೀಟಿ ಕೂಡ ಇನ್ನೂ ಕಿತ್ತಿರಲಿಲ್ಲ. "ಹಳೇದು ಸುಮ್ನೆ ಬೀರುವಿನಲ್ಲಿ ಕೂತಿತ್ತು. ನೀನು ಕೊಟ್ಟ ದುಡ್ಡಿಗೆ ಇಷ್ಟು ಸೇರಿಸಿ ಇದನ್ನ ತಂದೆ ನೋಡು" ಅಂತ ಖುಷಿಯಿಂದ ಮಡಿಕೆ ಬಿಚ್ಚಿ ತೋರಿಸಿದರು. ನನ್ನ ದುಡ್ಡು ರೇಷ್ಮೆ ಅಂಗಡಿಗೇ ಹೋಗಿತ್ತು, ನಡುವೆ ಆಂಟಿಯ ಕೈ ಹಾದು ಹೋಯಿತು ಅಷ್ಟೇ. ಇನ್ನೊಂದು ವಿಷಯ. ಮದುವೆಮನೆಯಲ್ಲಿ ಆ ಸೀರೆ ಉಟ್ಟಾಗ "ಎಲ್ಲಿ ತಗೊಂಡೆ, ನಮಗೂ ಹೇಳೇ" ಅಂದವರು ಮೂವರು. ಹಳೇದು ಅಂತ ಸೆರಗಿನ ಮೇಲೆ ಬರೆದಿರಲ್ಲವಲ್ಲ! ಅಮ್ಮನದೋ ಅಜ್ಜಿಯದೋ ಇದ್ದರೆ ಉಡಿ. ದುಡ್ಡು ಕೊಟ್ಟು ಮಾತ್ರ ಬೇಡ.

ರಾಮನಗರದ ಕಡೆಯವನು, ಈಗ ಕೆಂಗೇರಿ:
ನಮ್ಮ ಮನೆಯಲ್ಲಿ ಹುಳು ಸಾಕುತ್ತಿದ್ದರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದೆ. ಅದೇ ಹುಳು, ಚಿಟ್ಟೆಯಾಗುತ್ತಾ ಮಲಗಿರುತ್ತದೆ. ಚಿಟ್ಟೆ ತೂತು ಮಾಡಿಕೊಂಡು ಬಂದರೆ ಎಳೆ ತುಂಡಾಗುತ್ತದೆ. ಅದಕ್ಕೇ ಹೊರಬರುವ ಮೊದಲೇ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಗೂಡಿನ ಎಳೆ ಹತ್ತಿರ ಹತ್ತಿರ 1 ಕಿಲೋಮೀಟರ್ ಬರುತ್ತದೆ. ಆದರೂ ಒಂದು ಸೀರೆಗೆ ಸಾವಿರಾರು ಗೂಡು ಬೇಕು.

ಇದನ್ನೆಲ್ಲ ಕಂಡವನಾದರೂ ಮಲ್ಲೇಶ್ವರದವರ ಮಾತು ನಾನು ಒಪ್ಪುವುದಿಲ್ಲ. ಅಷ್ಟು ಹುಳು ಹೋದಮೇಲೆ ಆ ಸೀರೆ ಬೀರುವಿನಲ್ಲಿ ಜಿರಲೆ ಪಾಲಾಗೋದು ಇನ್ನೂ ಅನ್ಯಾಯ. ಹರಿಯುವವರೆಗೂ ಯಾರಾದರೂ ಉಡಲಿ. ಚಿಟ್ಟೆ ಹೋದಮೇಲೆ ಉಳಿದ ಗೂಡಿನ 'ಅಹಿಂಸಾ ರೇಷ್ಮೆ' ಕೊಳ್ಳಿ ಅಂತಲೂ ಯಾರಾದರೂ ಹೇಳುತ್ತಾರೆ. ನಮ್ಮ ಹಿಪ್ಪುನೇರಳೆ ರೇಷ್ಮೆಯ ಚಿಟ್ಟೆಗೆ ಹಾರೋಕೇ ಬರಲ್ಲ ಸ್ವಾಮಿ. ಒಂದೊಂದು ಹೆಣ್ಣು 300ರಿಂದ 500 ಮೊಟ್ಟೆ ಇಡುತ್ತದೆ. ಆ ಮರಿಗಳಿಗೆಲ್ಲ ಸೊಪ್ಪು ಹಾಕೋರು ಯಾರು?

ಚಿಕ್ಕಪೇಟೆಯಿಂದ:
ನೀವು ಬಿಟ್ಟರೆ ಆ ಸೀರೆ "ಹಳೇ ರೇಷ್ಮೆ ಸೀರೆ, ಜರಿ ಸೀರೆ ತಗೋತೀವಿ" ಅನ್ನುವವರ ಕೈಗೂ ಹೋಗಬಹುದು. ಮೈಸೂರು ಸಿಲ್ಕ್ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಅವರಿಗೆ ಬೇಕಾಗಿರೋದು ಅಷ್ಟೇ. ಬಟ್ಟೆಯನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಬನಶಂಕರಿಯಿಂದ:
ಸೀರೆ ನನಗೆ ಗೊತ್ತಿಲ್ಲ, ಶೂ ಬಗ್ಗೆ ಹೇಳುತ್ತೇನೆ. ರೆಕ್ಸಿನ್ ಶೂ ಎರಡೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದುಬಂತು. ಪ್ಲಾಸ್ಟಿಕ್ ಬೇರೆ, ಕಸಕ್ಕೆ ಹಾಕಿದರೆ ಕೊಳೆಯೋದೂ ಇಲ್ಲ. 1944ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವೀಗನ್ ಸೊಸೈಟಿಯವರೂ ಕೈಲಾದಷ್ಟು ಪಾಲಿಸಿ ಅನ್ನುತ್ತಾರಲ್ಲ ಅಂತ ಧೈರ್ಯ ತಂದುಕೊಂಡೆ. ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಿಂದ ಹಳೇ ಚರ್ಮದ ಜೋಡು ತಂದೆ. ಆರು ತಿಂಗಳು ಹಾಕಿದೆ. ಒಂದು ದಿನ ಮಳೆಯಲ್ಲಿ ನೆಂದು ಬಂದು ಬಾಗಿಲ ಹತ್ತಿರ ಬಿಟ್ಟಿದ್ದೆ. ಹಸಿ ಚರ್ಮದ ವಾಸನೆ ನಡುಮನೆಗೆ ಬಂತು. ಅವತ್ತಿಗೆ ಮುಗಿಯಿತು. ಲೆಕ್ಕವೆಲ್ಲ ಸರಿಯಾಗೇ ಇತ್ತು, ಮೂಗು ಒಪ್ಪಲಿಲ್ಲ. ಈಗ ಬರೀ ಕ್ಯಾನ್ವಾಸ್.

ಬಸವನಗುಡಿಯಿಂದ, ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಆಂಟಿಯ ಕಥೆ ಓದಿದ ಮೇಲೆ ತಡೆಯಲಾಗದೆ ನನಗೆ ಸೀರೆ ಕೊಡುತ್ತೇನೆ ಅಂದವರನ್ನು ಕೇಳಿಯೇಬಿಟ್ಟೆ, ಮಾರಿದ ದುಡ್ಡಲ್ಲಿ ಏನು ತಗೋತೀರಾ ಅಂತ. "ಏನೂ ಇಲ್ಲಮ್ಮ, ಮಗನ ಟ್ಯೂಷನ್ ಫೀಸು ಬಾಕಿ ಇದೆ" ಅಂದರು. ಈಗ ಗೊಂದಲ ಇನ್ನೂ ಜಾಸ್ತಿ ಆಗಿದೆ. ಅಮ್ಮನ ಧಾರೆ ಸೀರೆ ಬೀರುವಿನಲ್ಲಿದೆ ನಿಜ, ಆದರೆ ಅದರ ಮೇಲೆ ತಂಗಿ ಆಗಲೇ ಕಣ್ಣು ಹಾಕಿದ್ದಾಳೆ.