ಅಪ್‌ಡೇಟ್: ಸೆಸ್ನಾ 172 ಕ್ಯಾಬಿನ್‌ಗೆ ಕೊನೆಗೆ ಹಾಕಿದ್ದೇನು

ನನ್ನ ಸೆಸ್ನಾ 172 (ನಾಲ್ಕು ಸೀಟಿನ ಪುಟ್ಟ ವಿಮಾನ) ಕ್ಯಾಬಿನ್‌ನ ಹಳೇ ಗ್ಲಾಸ್‌ವೂಲ್ ತೆಗೆದು ಸದ್ದು, ಶಾಖ ತಡೆಯೋಕೆ ಏನು ಹಾಕಬಹುದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್, ಕೆಲಸ ಮುಗೀತು.

ಹೆಚ್ಚು ಫಲ ಕೊಟ್ಟದ್ದು "ಮೊದಲು ಬಾಗಿಲಿನ ಸೀಲ್ ನೋಡಿ" ಅನ್ನೋ ಸಲಹೆ. ಸಂದಿಯಲ್ಲಿ ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆದರೆ, ಮುಂದಿನ ಮೇಲ್ಮೂಲೆಯಲ್ಲಿ ಸಲೀಸಾಗಿ ಜಾರಿ ಬಂತು. ಸೀಲ್ ಬದಲಿಸಿದ ಮೇಲೆ ಗಾಳಿಯ ಸಿಳ್ಳೆ ಪೂರ್ತಿ ನಿಂತಿದೆ.

ಆಮೇಲೆ ಅಲ್ಯೂಮಿನಿಯಂ ಹಾಳೆ ಇರೋ ಡ್ಯಾಂಪಿಂಗ್ ಟೇಪ್ (ತಗಡಿನ ಕಂಪನ ತಗ್ಗಿಸೋ ಅಂಟುಪಟ್ಟಿ). ಪ್ರತಿ ತಗಡಿನ ನಡುಭಾಗಕ್ಕೆ, ಸುಮಾರು ಮೂರನೇ ಒಂದರಷ್ಟು ಜಾಗಕ್ಕೆ ಮಾತ್ರ ಅಂಟಿಸಿದ್ದು. ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಹಾಗೆ ಮೊಳಗುತ್ತಿದ್ದ ತಗಡು ಈಗ 'ಟಪ್' ಅಂತ ಸುಮ್ಮನಾಗುತ್ತೆ. ಇಡೀ ತಗಡಿಗೆ ಹಚ್ಚಿದರೆ ತೂಕ ಏರುತ್ತೆ, ಲಾಭ ಅಷ್ಟೇನೂ ಏರಲ್ಲ. ಅದರ ಮೇಲೆ 25 ಮಿ.ಮೀ. ಮೆಲಮೈನ್ ಫೋಮ್, ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಇರೋದು. ಕಾರಿಗೆ ಹಾಕೋ, ಸದ್ದು ತಡೆಯೋ ಮ್ಯಾಟ್‌ನ ಸಲಹೆ ಕೈಬಿಟ್ಟೆ: ಭಾರ ಜಾಸ್ತಿ, ಪ್ರಮಾಣಪತ್ರವೂ ಇಲ್ಲ.

ಫೋಮ್‌ನಿಂದ ಗುಡುಗುಡು ಸದ್ದು ಮಾತ್ರ ಕಡಿಮೆಯಾಗಲಿಲ್ಲ. ಕಾರಣ ಲೆಕ್ಕದಲ್ಲೇ ಇದೆ. 2400 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2400 ಸುತ್ತು) ಎರಡು ಅಲಗಿನ ಪ್ರೊಪೆಲರ್ ಸದ್ದು 80 ಹರ್ಟ್ಸ್, ನಾಲ್ಕು ಸಿಲಿಂಡರ್ ಎಂಜಿನ್ನಿನ ಫೈರಿಂಗ್ (ಇಂಧನ ಹೊತ್ತಿಕೊಳ್ಳೋದು, ಸುತ್ತಿಗೆ ಎರಡು ಸಲ) ಕೂಡ ಸರಿಯಾಗಿ 80! ಆ ಅಲೆಯ ಉದ್ದ 4 ಮೀಟರಿಗೂ ಹೆಚ್ಚು, ಇಂಚು ದಪ್ಪದ ಫೋಮ್ ಅದನ್ನು ತಡೆಯಲ್ಲ. ಅದಕ್ಕೆ ಎಎನ್‌ಆರ್ (ಎದುರು ಸದ್ದು ಹುಟ್ಟಿಸಿ ಗದ್ದಲ ತಗ್ಗಿಸೋ) ಹೆಡ್‌ಸೆಟ್ಟೇ ಗತಿ.

ಗ್ಲಾಸ್‌ವೂಲ್ ಕಿತ್ತಾಗ ಒದ್ದೆಯಾಗಿತ್ತು, ಅಡಿಯ ತಗಡಿನಲ್ಲಿ ಬಿಳಿ ಪುಡಿಯಂಥ ತುಕ್ಕು. ಅದನ್ನು ಕೆರೆದು, ಪ್ರೈಮರ್ ಹೊಡೆದ ಮೇಲೇ ಏನನ್ನಾದರೂ ಅಂಟಿಸಿ. ತಳದ ನೀರಿನ ತೂತುಗಳು, ಕಂಟ್ರೋಲ್ ಕೇಬಲ್ ದಾರಿ ತೆರವಾಗಿರಲಿ. ಲೈಸೆನ್ಸ್ ಇರೋ ಎಂಜಿನಿಯರ್ ಸಹಿ, ಹೊಸ ವೇಟ್ ಅಂಡ್ ಬ್ಯಾಲೆನ್ಸ್ (ವಿಮಾನದ ತೂಕ, ಸಮತೋಲನದ ಲೆಕ್ಕ) ಆದಮೇಲೇ ಹಾರಿಸಿ.