ಆಕ್ಯುಪೇಷನಲ್ ಥೆರಪಿ ಎಂದರೆ ಉದ್ಯೋಗಕ್ಕೆ ಸಂಬಂಧಿಸಿದ ಚಿಕಿತ್ಸೆಯೇ?

ಪ್ರಶ್ನೆ (ಒಬ್ಬ ತಂದೆ)

ನನ್ನ ಮಗಳು ಪದವಿಗೆ ಆಕ್ಯುಪೇಷನಲ್ ಥೆರಪಿಯನ್ನು ಆರಿಸಿಕೊಳ್ಳಬೇಕೆಂದಿದ್ದಾಳೆ. 'ಔದ್ಯೋಗಿಕ ಚಿಕಿತ್ಸೆ' ಎಂಬ ಅನುವಾದವನ್ನು ಓದಿ, ಇದು ಕಾರ್ಖಾನೆಗಳಲ್ಲಿ ಗಾಯಗೊಂಡವರಿಗೆ ನೀಡುವ ಚಿಕಿತ್ಸೆ ಇರಬೇಕೆಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ಮಗಳು ಹೇಳುತ್ತಾಳೆ. ಆದರೆ ಹಾಗಿದ್ದರೆ ಏನು ಎಂದು ಕೇಳಿದರೆ ಅವಳೂ ತಡವರಿಸುತ್ತಾಳೆ. ಫಿಸಿಯೋಥೆರಪಿಗೂ ಇದಕ್ಕೂ ಇರುವ ವ್ಯತ್ಯಾಸವೇನು? ವ್ಯಾಸಂಗದಲ್ಲಿ ಏನನ್ನು ಕಲಿಸುತ್ತಾರೆ? ಅಂಗಿ ತೊಡುವುದನ್ನು, ಹಲ್ಲುಜ್ಜುವುದನ್ನು ಹೇಳಿಕೊಡಲು ಒಂದು ಪದವಿಯೇ ಬೇಕೇ ಎಂಬ ಅನುಮಾನವನ್ನೂ ನಾನು ಮುಚ್ಚಿಡುವುದಿಲ್ಲ.

ಉತ್ತರ 1 (ಪುನರ್ವಸತಿ ವಿಭಾಗದ ಥೆರಪಿಸ್ಟ್)

ನಿಮ್ಮ ಕೊನೆಯ ಅನುಮಾನದಿಂದಲೇ ಆರಂಭಿಸುತ್ತೇನೆ. ಪಾರ್ಶ್ವವಾಯುವಿಗೆ ತುತ್ತಾದ ನಾಲ್ವರು ಅಂಗಿ ತೊಡಲಾರರು ಎಂದುಕೊಳ್ಳಿ. ಮೊದಲನೆಯವರ ಕೈಯಲ್ಲಿ ಬಲವಿಲ್ಲ. ಎರಡನೆಯವರಿಗೆ ಮಂಚದ ಅಂಚಿನಲ್ಲಿ ಕುಳಿತು ತೋಳೆತ್ತಿದ ಕೂಡಲೇ ಆಯ ತಪ್ಪುತ್ತದೆ. ಮೂರನೆಯವರ ಮಿದುಳು ತಮ್ಮ ಎಡಬದಿಯನ್ನು ಗಮನಿಸುವುದನ್ನೇ ಬಿಟ್ಟಿರುವುದರಿಂದ, ಎಡತೋಳು ಹೊರಗೇ ಉಳಿದಿದ್ದರೂ ಅಂಗಿ ತೊಟ್ಟಾಯಿತೆಂದು ಅವರು ನಂಬುತ್ತಾರೆ. ನಾಲ್ಕನೆಯವರ ಕೈಯಲ್ಲಿ ಬಲವೂ ಇದೆ, ಸ್ಪರ್ಶಜ್ಞಾನವೂ ಇದೆ. ಆದರೂ ಅಂಗಿಯನ್ನು ಕೈಗೆ ಕೊಟ್ಟರೆ ಅದನ್ನು ಏನು ಮಾಡಬೇಕೆಂದು ತೋಚದೆ ತಿರುಗಿಸುತ್ತ ಕೂರುತ್ತಾರೆ. ಹೊರಗಿನಿಂದ ನೋಡುವವರಿಗೆ ನಾಲ್ವರದೂ ಒಂದೇ ತೊಂದರೆ, ಆದರೆ ಒಬ್ಬರಿಗೆ ನೆರವಾದದ್ದು ಇನ್ನೊಬ್ಬರಿಗೆ ನಿಷ್ಪ್ರಯೋಜಕ. ಯಾವುದು ಯಾರ ತೊಂದರೆ ಎಂಬುದನ್ನು ಅವರು ಅಂಗಿ ತೊಡುವ ಹೊತ್ತಿನಲ್ಲೇ ಕಣ್ಣಿಟ್ಟು ನೋಡಿ ಗುರುತಿಸುವುದು ನಮ್ಮ ಕೆಲಸ.

ಅಂದಹಾಗೆ, ದುರ್ಬಲವಾದ ತೋಳನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಅದನ್ನೇ ಕೊನೆಗೆ ಬಿಡಿಸಬೇಕು. ಇದನ್ನು ತಿಳಿಯದ ಮನೆಯವರು ಪ್ರೀತಿಯಿಂದಲೇ ತೋಳನ್ನು ಎಳೆದು ಭುಜಕ್ಕೆ ನೋವು ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಫಿಸಿಯೋಥೆರಪಿಯೊಂದಿಗಿನ ಗಡಿ ಗೆರೆ ಎಳೆದಷ್ಟು ಸ್ಪಷ್ಟವಲ್ಲ. ಸ್ಥೂಲವಾಗಿ ಹೇಳುವುದಾದರೆ, ಅವರು ಚಲನೆಯನ್ನು ಮರಳಿ ತರಲು ಶ್ರಮಿಸುತ್ತಾರೆ. ಆ ಮನುಷ್ಯ ಮಾಡಬೇಕಾದ, ಮಾಡಬಯಸುವ ಕೆಲಸವನ್ನು ಮುಂದಿಟ್ಟುಕೊಂಡು ನಾವು ಹೊರಡುತ್ತೇವೆ. ಚಲನೆ ಮರಳದಿದ್ದರೆ ವಿಧಾನವನ್ನೋ ಉಪಕರಣವನ್ನೋ ಮನೆಯ ಏರ್ಪಾಟನ್ನೋ ಬದಲಿಸುತ್ತೇವೆ.

ಉತ್ತರ 2 (ಇತಿಹಾಸದ ಆಸಕ್ತ)

ಗೊಂದಲವೆಲ್ಲ ಹೆಸರಿನದು. 'ಉದ್ಯೋಗಂ ಪುರುಷಲಕ್ಷಣಂ' ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಉದ್ಯೋಗವೆಂದರೆ ಸಂಬಳದ ಕೆಲಸವೆಂದೇ ರೂಢಿಯಾಗಿದೆ. ಸಂಸ್ಕೃತದಲ್ಲಿ ಆ ಪದಕ್ಕೆ ಪ್ರಯತ್ನ, ತೊಡಗುವಿಕೆ ಎಂಬ ಅರ್ಥವೇ ಮುಖ್ಯ. ಆಕ್ಯುಪೇಷನ್ ಎಂಬುದೂ ಇಲ್ಲಿ ಆ ಅರ್ಥದಲ್ಲೇ ಬಳಕೆಯಾಗಿದೆ. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಈ ವೃತ್ತಿಯ ಮೊದಲ ರಾಷ್ಟ್ರೀಯ ಸಂಘವನ್ನು ಕಟ್ಟಿದವರಲ್ಲಿ ಜಾರ್ಜ್ ಎಡ್ವರ್ಡ್ ಬಾರ್ಟನ್ ಒಬ್ಬರು. ಅವರು ವೈದ್ಯರಲ್ಲ, ಕ್ಷಯ ಮತ್ತು ಅಂಗವೈಕಲ್ಯವನ್ನು ಸ್ವತಃ ಅನುಭವಿಸಿದ್ದ ವಾಸ್ತುಶಿಲ್ಪಿ. ಅವರೊಂದಿಗೆ ಮನೋವೈದ್ಯ ವಿಲಿಯಂ ರಶ್ ಡಂಟನ್, ಸಮಾಜಸೇವಾ ಹಿನ್ನೆಲೆಯ ಎಲಿನಾರ್ ಕ್ಲಾರ್ಕ್ ಸ್ಲಾಗಲ್ ಮೊದಲಾದವರಿದ್ದರು. ರೋಗಿಯೊಬ್ಬ ಮತ್ತು ಮನೋವೈದ್ಯನೊಬ್ಬ ಸೇರಿ ಕಟ್ಟಿದ್ದರಿಂದಲೇ ಇದು ದೇಹ, ಮನಸ್ಸುಗಳೆರಡನ್ನೂ ಬಿಡದೆ ಹಿಡಿದುಕೊಂಡಿತೆಂದು ನನ್ನ ಎಣಿಕೆ. ಈ ವೃತ್ತಿಯವರ ವಿಶ್ವ ಒಕ್ಕೂಟ ಸ್ಥಾಪನೆಯಾದದ್ದು 1952ರಲ್ಲಿ.

ಉತ್ತರ 3 (ಅಧ್ಯಾಪಕಿ)

ವ್ಯಾಸಂಗದ ಬಗ್ಗೆ ಹೇಳುತ್ತೇನೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ನರಶಾಸ್ತ್ರಗಳ ಜೊತೆಯಲ್ಲೇ ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಮಕ್ಕಳ ಬೆಳವಣಿಗೆ ಇವೆಲ್ಲವೂ ಇರುತ್ತವೆ. ವಿಶ್ವ ಒಕ್ಕೂಟದ ಕನಿಷ್ಠ ಮಾನದಂಡದ ಪ್ರಕಾರ ಪ್ರತಿ ವಿದ್ಯಾರ್ಥಿಯೂ ಮೇಲ್ವಿಚಾರಣೆಯಲ್ಲಿ ಕನಿಷ್ಠ 1,000 ಗಂಟೆಗಳ ಕ್ಷೇತ್ರ ತರಬೇತಿಯನ್ನು ಪಡೆಯಬೇಕು. ವೃತ್ತಿಗೆ ಕಾಲಿಡಲು ಬೇಕಾದ ಪದವಿ ಮಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತದೆ: ಹಲವೆಡೆ ಸ್ನಾತಕ ಪದವಿ ಸಾಕು, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿಯಾದರೂ ಬೇಕು.

ಇವೆಲ್ಲಕ್ಕಿಂತ ವಿದ್ಯಾರ್ಥಿಗಳನ್ನು ಕಂಗೆಡಿಸುವುದು ಚಟುವಟಿಕೆಯ ವಿಶ್ಲೇಷಣೆ. ಹಲ್ಲುಜ್ಜುವ ಕ್ರಿಯೆಯನ್ನು ಹಂತಹಂತವಾಗಿ ಬರೆಯಿರಿ ಎಂದರೆ ಮೊದಲ ಸಲ ಎಲ್ಲರೂ ಆರೇಳು ಸಾಲು ಬರೆದು ತರುತ್ತಾರೆ. ಟ್ಯೂಬಿನ ಮುಚ್ಚಳ ತೆರೆಯಲು ಎರಡು ಕೈ ಬೇಕೆಂಬುದಾಗಲಿ, ಎಷ್ಟು ಒತ್ತಿದರೆ ಎಷ್ಟು ಪೇಸ್ಟ್ ಬರುತ್ತದೆಂಬ ಅಂದಾಜಾಗಲಿ, ಉಜ್ಜಿದ್ದು ಸಾಕೆಂದು ನಿಲ್ಲಿಸುವ ತೀರ್ಮಾನವಾಗಲಿ ಅದರಲ್ಲಿ ಇರುವುದಿಲ್ಲ. ಮರೆವಿನ ಕಾಯಿಲೆಯವರು ತೊಡಕಿಗೆ ಸಿಲುಕುವುದು ಬಹಳ ಸಲ ಆ ಕೊನೆಯ ಹಂತದಲ್ಲೇ.

ಉತ್ತರ 4 (ಗಾಲಿಕುರ್ಚಿ ಬಳಸುವವನು)

ಮೇಲಿನವರೆಲ್ಲ ಹೇಳಿದ್ದು ನಿಜ, ಆದರೆ ನನ್ನದೊಂದು ತಕರಾರಿದೆ. ಬೆನ್ನುಹುರಿಗೆ ಪೆಟ್ಟಾದ ಮೇಲೆ ನಾನೇ ಕಾಲುಚೀಲ ಹಾಕಿಕೊಳ್ಳುವುದನ್ನು ಕಲಿಸಲು ಒಬ್ಬ ಥೆರಪಿಸ್ಟ್ ಮೂರು ವಾರ ಹೆಣಗಿದರು. ಕೊನೆಗೂ ಕಲಿತೆ, ಆದರೆ ದಿನವೂ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು, ಅಷ್ಟರಲ್ಲೇ ನಾನು ಸುಸ್ತಾಗುತ್ತಿದ್ದೆ. ಈಗ ಸಹಾಯಕರೊಬ್ಬರು ಒಂದೇ ನಿಮಿಷದಲ್ಲಿ ಹಾಕುತ್ತಾರೆ, ಉಳಿದ ಶಕ್ತಿಯನ್ನು ನಾನು ಬರವಣಿಗೆಗೆ ಬಳಸುತ್ತೇನೆ. ಸ್ವಾವಲಂಬನೆ ಎಂದರೆ ಎಲ್ಲವನ್ನೂ ನಮ್ಮ ಕೈಯಿಂದಲೇ ಮಾಡಿಕೊಳ್ಳುವುದಲ್ಲ, ಯಾವುದನ್ನು ಯಾರಿಂದ ಮಾಡಿಸಿಕೊಳ್ಳಬೇಕೆಂದು ನಾವೇ ನಿರ್ಧರಿಸುವುದು. ನನಗೆ ನಿಜವಾಗಿ ಉಪಕಾರವಾದದ್ದು ಇನ್ನೊಬ್ಬ ಥೆರಪಿಸ್ಟ್‌ರಿಂದ: ಅವರು ನನ್ನ ಕಚೇರಿಗೇ ಬಂದು ಬಾಗಿಲಿನ ಅಗಲವನ್ನೂ ಮೇಜಿನ ಎತ್ತರವನ್ನೂ ಅಳೆದು, ಬದಲಾಗಬೇಕಾದದ್ದು ನನ್ನ ದೇಹವಲ್ಲ, ಈ ಕಟ್ಟಡ ಎಂದು ಆಡಳಿತಕ್ಕೆ ಬರೆದುಕೊಟ್ಟರು.

ಉತ್ತರ 5 (ಮೊದಲ ಉತ್ತರದ ಥೆರಪಿಸ್ಟ್)

ನಿಮ್ಮ ತಕರಾರನ್ನು ಒಪ್ಪುತ್ತೇನೆ. 'ನಿಮಗೆ ಯಾವುದು ಮುಖ್ಯ' ಎಂದು ಮೊದಲ ದಿನವೇ ಕೇಳದೆ ಹೋದರೆ ಇಂಥದ್ದು ಆಗುತ್ತದೆ. ಇಷ್ಟದ ಬದುಕಿನ ಚಟುವಟಿಕೆಗಳಲ್ಲಿ ತೊಡಗುವುದನ್ನು ಮಾನವ ಹಕ್ಕೆಂದು ವಿಶ್ವ ಒಕ್ಕೂಟ 2006ರಲ್ಲೇ ಹೇಳಿದ್ದರೂ, ಹಾಸಿಗೆ ಬೇಗ ತೆರವಾಗಬೇಕೆಂಬ ಒತ್ತಡವಿರುವ ವಾರ್ಡಿನಲ್ಲಿ 'ಇವರನ್ನು ಮನೆಗೆ ಕಳಿಸಬಹುದೇ' ಎಂಬ ಒಂದೇ ಪ್ರಶ್ನೆಗೆ ನಮ್ಮ ಕೆಲಸ ಕುಗ್ಗಿಬಿಡುತ್ತದೆ. ಪ್ರಶ್ನೆ ಕೇಳಿದವರ ಮಗಳು ಇದನ್ನೂ ತಿಳಿದೇ ಬರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಮಗಳಿಗೆ ಓದಿ ಹೇಳಿದೆ. ಕೈಕೆಲಸ ಬಾರದವರಿಗೆ ಇದು ಕಷ್ಟವೇ ಎಂದು ಅವಳು ಕೇಳುತ್ತಿದ್ದಾಳೆ.

ಉತ್ತರ 6 (ಅಧ್ಯಾಪಕಿ)

ಕಷ್ಟವೇನಲ್ಲ. ಸ್ಪ್ಲಿಂಟ್ (ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಧಾರ) ತಯಾರಿಸಲು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಅದು ಮತ್ತೆ ಗಟ್ಟಿಯಾಗುವ ಕೆಲವೇ ನಿಮಿಷಗಳಲ್ಲಿ ರೋಗಿಯ ಕೈಗೆ ಒಪ್ಪುವಂತೆ ರೂಪಿಸಬೇಕು. ಹತ್ತಿಪ್ಪತ್ತು ಹಾಳೆ ಹಾಳುಮಾಡಿದ ಮೇಲೆ ಎಲ್ಲರಿಗೂ ಅದು ಬರುತ್ತದೆ. ಅವಳು ಬೇರೆಯದೊಂದನ್ನು ಪರೀಕ್ಷಿಸಿಕೊಳ್ಳಲಿ. ಎದುರಿಗಿರುವವರು ಒಂದೇ ಒಂದು ಗುಂಡಿ ಹಾಕಲು ಎರಡು ನಿಮಿಷ ತಡಕಾಡುತ್ತಿದ್ದಾಗ, ಕೈ ಮುಂದೆ ಚಾಚದೆ ಸುಮ್ಮನೆ ಕುಳಿತಿರಲು ಅವಳಿಂದ ಆಗುತ್ತದೆಯೇ? ನನಗೆ ಅದನ್ನು ಕಲಿಯಲು ಪದವಿ ಮುಗಿದ ಮೇಲೂ ವರ್ಷಗಳೇ ಹಿಡಿದವು.